ಮದುವೆಗೆ ಹೋಗುವವರ ಸೀರೆ: ಎಷ್ಟು ಖರ್ಚು, ಯಾವುದಕ್ಕೆ ಖರ್ಚು

ಲಗ್ನಪತ್ರಿಕೆ ಕೈಗೆ ಬಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ‘ಯಾವ ಸೀರೆ?’ ಎಂಬುದು. ಅದಕ್ಕಿಂತ ಮೊದಲು ಪತ್ರಿಕೆಯಲ್ಲಿರುವ ಹೊತ್ತು ನೋಡಿ. ಆರತಕ್ಷತೆ ಎಷ್ಟು ಗಂಟೆಗೆ, ಮುಹೂರ್ತ ಎಷ್ಟು ಗಂಟೆಗೆ, ನೀವು ಯಾವುದಕ್ಕೆ ಹೋಗುತ್ತೀರಿ? ಬೆಂಗಳೂರು, ಮೈಸೂರು, ಮಂಡ್ಯ, ಹಾಸನದ ಕಡೆ ಹೆಚ್ಚಾಗಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಉತ್ತರ ಕರ್ನಾಟಕದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಎಷ್ಟೋ ಕಡೆ ಮಧ್ಯಾಹ್ನವಾಗಿರುತ್ತದೆ. ಸಂಜೆಯ ಸೀರೆಯಲ್ಲಿ ನೀವು ಎರಡು ಗಂಟೆ ಇರುತ್ತೀರಿ: ಸಾಲಿನಲ್ಲಿ ನಿಂತು ವೇದಿಕೆ ಹತ್ತಿ, ಫೋಟೋ ತೆಗೆಸಿಕೊಂಡು, ಊಟ ಮುಗಿಸಿ ಹೊರಡುವಷ್ಟು ಹೊತ್ತು. ಬೆಳಗಿನ ಸೀರೆಯಲ್ಲಿ ಆರು ಗಂಟೆ. ಹೋಮದ ಹೊಗೆ, ಅಕ್ಷತೆ, ಮಕ್ಕಳನ್ನು ಎತ್ತಿಕೊಳ್ಳುವುದು, ಕೊನೆಗೆ ಬಾಳೆಲೆ ಊಟ. ಎರಡಕ್ಕೂ ಒಂದೇ ಬಗೆಯ ಸೀರೆ ಹೊಂದುವುದಿಲ್ಲ. ಹಣ ದಂಡವಾಗುವುದು ಶುರುವಾಗುವುದೇ ಇಲ್ಲಿಂದ, ಎರಡು ಗಂಟೆಯ ಸಂಜೆಗೆ ಮುಹೂರ್ತದ ತೂಕದ ಸೀರೆ ಕೊಂಡಾಗ.

ಎರಡನೆಯದು, ನೀವು ಆ ಮನೆಗೆ ಏನಾಗಬೇಕು ಎಂಬುದು. ಸೋದರತ್ತೆ, ಚಿಕ್ಕಮ್ಮ, ಅಕ್ಕ ಅಥವಾ ನಾದಿನಿಯಾಗಿದ್ದರೆ ಮದುವೆಮನೆಯಿಂದಲೇ ಉಡುಗೊರೆಯ ಸೀರೆ ಬರುವ ಸಂಭವ ಹೆಚ್ಚು. ಅದನ್ನು ಮುಹೂರ್ತಕ್ಕೇ ಉಡಬೇಕೆಂದು ಮನೆಯವರು ಬಯಸುವುದೂ ಉಂಟು. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಫೋನ್ ಮಾಡಿ, ‘ಅಕ್ಕಾ, ಸೀರೆ ವಿಚಾರ ಏನಾದ್ರೂ ಇದೆಯಾ? ಬ್ಲೌಸ್ ಹೊಲಿಸ್ಕೋಬೇಕು’ ಎಂದು ನೇರವಾಗಿ ಕೇಳಿಬಿಡಿ. ಇದರಲ್ಲಿ ಸಂಕೋಚಪಡುವುದೇನೂ ಇಲ್ಲ. ಮದುವೆಗೆ ನಾಲ್ಕು ದಿನವಿರುವಾಗ ಸೀರೆ ಕೈಗೆ ಬಂದು ರವಿಕೆ ಹೊಲಿಸಲಾಗದೆ ಒದ್ದಾಡುವುದಕ್ಕಿಂತ ಇದು ಇಬ್ಬರಿಗೂ ಒಳ್ಳೆಯದು. ಸಹೋದ್ಯೋಗಿ, ನೆರೆಯವರು, ಸ್ನೇಹಿತೆಯ ತಂಗಿ, ಈ ದೂರದ ಮದುವೆಗಳಿಗೆ ಹೊಸ ಸೀರೆ ಬೇಕೇ ಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಧಾರೆ ಸೀರೆ ಅನೇಕ ಮನೆಗಳಲ್ಲಿ ಕೆನೆಬಿಳಿ ಮೈ, ಕೆಂಪು ಅಂಚು. ಆ ಜೋಡಿಯನ್ನು ಮುಹೂರ್ತಕ್ಕೆ ನೀವು ಉಡಬೇಡಿ, ಅದು ಹುಡುಗಿಯದು. ಕಪ್ಪು ಚಂದ್ರಕಾಳಿ ಸೀರೆಗೆ ಉತ್ತರ ಕರ್ನಾಟಕದಲ್ಲಿ ದೊಡ್ಡ ಮರ್ಯಾದೆ ಇದೆ. ಆದರೂ ಮುಹೂರ್ತದ ಹೊತ್ತಿಗೆ ಅಚ್ಚಗಪ್ಪು ಉಟ್ಟರೆ ಹಿರಿಯರ ಮುಖ ಸಣ್ಣದಾಗುವ ಮನೆಗಳೇ ಹೆಚ್ಚು, ಅದನ್ನು ಆರತಕ್ಷತೆಗೆ ಇಟ್ಟುಕೊಳ್ಳಿ. ಮಂಗಳೂರಿನ ಕ್ರೈಸ್ತರ ಮನೆಯಿಂದ ಕರೆ ಬಂದಿದ್ದರೆ ಚರ್ಚಿಗೆ ಅಚ್ಚಬಿಳಿ ಬೇಡ. ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ತೆಂಗಿನಹಾಲು, ಎಣ್ಣೆ ಹಚ್ಚುವಾಗ ಚೆಲ್ಲಾಡುವುದರಿಂದ ಒಗೆಯಬಹುದಾದ ಹತ್ತಿ ಬಟ್ಟೆಯೇ ಸರಿ. ಅರಿಶಿನ ಶಾಸ್ತ್ರಕ್ಕೂ ಅಷ್ಟೇ.

ಲೆಕ್ಕ

ಹಣದ ಮಾತು ಶುರುವಾಗಬೇಕಾದದ್ದು ಸೀರೆಯಿಂದಲ್ಲ, ಮುಯ್ಯಿಯಿಂದ. ಆ ಮನೆಯವರು ನಿಮ್ಮ ಮನೆಯ ಕಾರ್ಯಕ್ಕೆ ಎಷ್ಟು ಮಾಡಿದ್ದರು ಎಂದು ಪುಸ್ತಕ ನೋಡಿ ಅದನ್ನು ಮೊದಲು ತೆಗೆದಿಡಿ. ಆಮೇಲೆ ಬಸ್ಸು, ರೈಲು ಅಥವಾ ಪೆಟ್ರೋಲಿನ ಖರ್ಚು. ಉಳಿದದ್ದರಲ್ಲಿ ಬಟ್ಟೆ. ಇದನ್ನು ತಿರುವುಮುರುವು ಮಾಡಿ, ಸೀರೆಗೆ ಸುರಿದು ಮುಯ್ಯಿಯಲ್ಲಿ ಕಡಿಮೆ ಮಾಡುವುದು ಸಲ್ಲದು. ಮುಯ್ಯಿ ತೀರಿಸಬೇಕಾದ ಋಣ, ಸೀರೆ ನಮ್ಮ ಆಸೆ.

ಬಟ್ಟೆಗೆ ಒಟ್ಟು ಹತ್ತು ಸಾವಿರ ಇದೆ ಎಂದಿಟ್ಟುಕೊಳ್ಳೋಣ. ಸೀರೆಗೆ ಹತ್ತು ಸಾವಿರ ಇಲ್ಲ, ಏಳು ಸಾವಿರ ಇದೆ. ಲೈನಿಂಗ್ ಸೇರಿ ಸಾದಾ ರವಿಕೆ ಹೊಲಿಗೆಗೆ ಸುಮಾರು 1,000. ಫಾಲ್ (ಕೆಳಗಿನ ಅಂಚಿನ ಒಳಗೆ ಹೊಲಿಯುವ ಪಟ್ಟಿ) ಮತ್ತು ಜಿಗ್‌ಜಾಗ್ (ತುದಿಗೆ ಹಾಕುವ ಯಂತ್ರದ ಹೊಲಿಗೆ) 200. ಕುಚ್ಚು 500. ಬಣ್ಣಕ್ಕೆ ಹೊಂದುವ ಒಳಲಂಗ 300. ಉಟ್ಟ ಮೇಲೆ ಡ್ರೈವಾಶ್ 400. ಹೂವು, ಬಳೆ 300. ಉಳಿದ ಮುನ್ನೂರು ಕೈಯಲ್ಲಿರಲಿ. ಬೆಂಗಳೂರಿನ ದೊಡ್ಡ ಬಡಾವಣೆಗಳಲ್ಲಿ ಹೊಲಿಗೆ ಇದಕ್ಕಿಂತ ಹೆಚ್ಚು, ತಾಲೂಕು ಕೇಂದ್ರಗಳಲ್ಲಿ ಕಡಿಮೆ. ಗಮನಿಸಬೇಕಾದದ್ದು ಇನ್ನೊಂದಿದೆ: ಸೀರೆ ಅಗ್ಗವಾದರೂ ಈ ಮೇಲುಖರ್ಚು ತಗ್ಗುವುದಿಲ್ಲ. ಎರಡೂವರೆ ಸಾವಿರದ ಸೀರೆಗೂ ಸಾವಿರ ರೂಪಾಯಿಯ ಹೊಲಿಗೆಯೇ. ಆದ್ದರಿಂದ ಒಂದೇ ಮದುವೆಗೆಂದು ಮೂರು ಅಗ್ಗದ ಸೀರೆ ಕೊಳ್ಳುವುದು ನೋಡಲು ಲಾಭ, ಲೆಕ್ಕದಲ್ಲಿ ನಷ್ಟ.

ಇನ್ನು ಎಷ್ಟು ಸಲ ಉಡುತ್ತೀರಿ ಎಂಬುದು. 24,000 ರೂಪಾಯಿಯ ಸೀರೆಗೆ 2,700 ಮೇಲುಖರ್ಚು ಸೇರಿ 26,700 ಆಯಿತು. ಮೂರು ಸಲ ಉಟ್ಟು ಬೀರುವಿನಲ್ಲಿಟ್ಟರೆ ಸಲಕ್ಕೆ 8,900. ಹದಿನೈದು ಸಲ ಉಟ್ಟರೆ 1,780. ಏಳು ಸಾವಿರದ ಸೀರೆ, ಮೇಲುಖರ್ಚು ಸೇರಿ 9,700, ಆರು ಸಲ ಉಟ್ಟರೆ ಸುಮಾರು 1,600. ದುಬಾರಿ ಸೀರೆ ತಪ್ಪಲ್ಲ, ಉಡದ ಸೀರೆ ತಪ್ಪು. ‘ಆಗಲೇ ಉಟ್ಟಿದ್ದೀಯಲ್ಲ’ ಎಂಬ ಮಾತಿಗೆ ಹೆದರುವವರು ತಮ್ಮ ಬಳಗಗಳನ್ನು ಬೇರೆ ಬೇರೆಯಾಗಿ ಎಣಿಸಿ ನೋಡಲಿ: ತವರಿನ ಕಡೆ, ಗಂಡನ ಕಡೆ, ಆಫೀಸು, ಹಳೆಯ ಊರು. ಒಂದೇ ಸೀರೆ ನಾಲ್ಕು ಕಡೆಯೂ ಹೊಸದೇ. ರವಿಕೆ ಬದಲಿಸಿದರೆ ಅದೇ ಬಳಗದಲ್ಲೂ ಎರಡನೇ ಸಲ ಉಡಬಹುದು. ಒಂದು ಒಳ್ಳೆಯ ಸೀರೆಗೆ ಎರಡು ರವಿಕೆ ಹೊಲಿಸುವುದು ಎರಡನೇ ಸೀರೆ ಕೊಳ್ಳುವುದಕ್ಕಿಂತ ಯಾವಾಗಲೂ ಜಾಣತನ.

ಸಿದ್ಧ ಲೆಹೆಂಗಾ, ಗೌನು ಕೊಳ್ಳುವವರು ತೆರಿಗೆಯನ್ನೂ ನೋಡಿಕೊಳ್ಳಬೇಕು. ಸೀರೆ ಬಟ್ಟೆಯ ಲೆಕ್ಕಕ್ಕೆ ಬರುವುದರಿಂದ ಜಿಎಸ್‌ಟಿ 5%. ಸಿದ್ಧ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ 5%, ಅದನ್ನು ಮೀರಿದರೆ 18%. ಎಂಟು ಸಾವಿರದ ಲೆಹೆಂಗಾಕ್ಕೆ ತೆರಿಗೆಯೇ 1,440. ಚೀಟಿಯಲ್ಲಿರುವ ಬೆಲೆಯಲ್ಲಿ ತೆರಿಗೆ ಸೇರಿದೆಯೇ ಎಂದು ಬಿಲ್ ಹಾಕುವ ಮುಂಚೆಯೇ ಕೇಳಿ.

ಯಾವ ಹಣಕ್ಕೆ ಯಾವ ಸೀರೆ

ಅಂಗಡಿಗಳಲ್ಲಿ ಅತಿ ಹೆಚ್ಚು ಮೋಸ ಹೋಗುವುದು ಎರಡರಿಂದ ಐದು ಸಾವಿರದ ನಡುವೆ. ‘ಸಾಫ್ಟ್ ಸಿಲ್ಕ್’, ‘ಲಿಚಿ ಸಿಲ್ಕ್’, ‘ಸೆಮಿ ಮೈಸೂರು ಸಿಲ್ಕ್’ ಎಂಬ ಹೆಸರಿನಲ್ಲಿ ಈ ಬೆಲೆಗೆ ಸಿಗುವುದರಲ್ಲಿ ಬಹುಪಾಲು ಪಾಲಿಯೆಸ್ಟರ್ ಅಥವಾ ಮಿಶ್ರ ನೂಲು. ಅದನ್ನು ತಿಳಿದು ಕೊಂಡರೆ ಏನೂ ತಪ್ಪಿಲ್ಲ, ಸಂಜೆಯ ಎರಡು ಗಂಟೆಗೆ ಧಾರಾಳವಾಗಿ ಸಾಕು. ರೇಷ್ಮೆಯ ಬೆಲೆ ಕೊಟ್ಟು ಪಾಲಿಯೆಸ್ಟರ್ ತರುವುದು ಮಾತ್ರ ಬೇಡ. ವೈಶಾಖದ ಸೆಕೆಯಲ್ಲಿ ಎ.ಸಿ. ಇಲ್ಲದ ಛತ್ರದಲ್ಲಿ ಪಾಲಿಯೆಸ್ಟರ್ ಉಟ್ಟು ಆರು ಗಂಟೆ ಕೂತರೆ ಬೆವರು ಹೊರಹೋಗಲು ದಾರಿಯೇ ಇರುವುದಿಲ್ಲ.

ಇದೇ ಹಣಕ್ಕೆ ನಾನು ಹೇಳುವುದು ಇಳಕಲ್. ಬಾಗಲಕೋಟೆ ಜಿಲ್ಲೆಯ ಈ ಸೀರೆಯ ಮೈ ಹತ್ತಿಯದಾಗಿರಬಹುದು, ಹತ್ತಿ-ರೇಷ್ಮೆಯದಾಗಿರಬಹುದು, ಪೂರ್ತಿ ರೇಷ್ಮೆಯದೂ ಆಗಿರಬಹುದು. ಕೆಂಪು ನೆಲದ ಮೇಲೆ ಬಿಳಿಯ ತೋಪು-ತೆನಿ ವಿನ್ಯಾಸದ ಸೆರಗು ಅದರ ಗುರುತು. ಮೈಯ ಹಾಸು ನೂಲನ್ನೂ (ಉದ್ದಕ್ಕೆ ಓಡುವ ನೂಲು) ಸೆರಗಿನ ಹಾಸು ನೂಲನ್ನೂ ಒಂದರೊಳಗೊಂದು ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಸೆರಗು ಶುರುವಾಗುವ ಗೆರೆಯನ್ನು ತಿರುಗಿಸಿ ಹಿಂಬದಿಯಲ್ಲಿ ನೋಡಿ. ಕೈಮಗ್ಗದ್ದಾದರೆ ನೂಲು ನೂಲಿಗೆ ಸಿಕ್ಕಿಕೊಂಡ ಸಣ್ಣ ಸಣ್ಣ ಕೊಂಡಿಗಳ ಸಾಲು ಬೆರಳಿಗೆ ಸಿಗುತ್ತದೆ. ಸೆರಗಿನ ಬಣ್ಣ ಅಚ್ಚು ಹಾಕಿದ್ದಾದರೆ, ಇಲ್ಲವೇ ಮೈಯ ನೂಲೇ ಮುಂದುವರಿದು ಹೊಕ್ಕಿನಲ್ಲಿ (ಅಡ್ಡ ನೂಲಿನಲ್ಲಿ) ಮಾತ್ರ ಬಣ್ಣ ಬದಲಾಗಿದ್ದರೆ ಅದು ಕೊಂಡಿಯ ಸೀರೆಯಲ್ಲ, ಅದಕ್ಕೆ ಕೈಮಗ್ಗದ ಬೆಲೆ ಕೊಡಬೇಡಿ. ಕಸೂತಿ ಇರುವ ಇಳಕಲ್ ಕೊಳ್ಳುವುದಾದರೆ ಅದರದೂ ಹಿಂಬದಿ ನೋಡಬೇಕು. ಕಸೂತಿಯ ಒಂದು ಬಗೆಯಾದ ಗವಂತಿ ಹೊಲಿಗೆ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಯಂತ್ರದ ಕಸೂತಿಯ ಹಿಂಬದಿಯಲ್ಲಿ ಇನ್ನೊಂದು ದಾರ, ಕೆಲವೊಮ್ಮೆ ಕಾಗದದಂಥ ಪಟ್ಟಿ ಉಳಿದಿರುತ್ತದೆ.

ಹತ್ತು ಸಾವಿರದ ಆಸುಪಾಸಿಗೆ ಬಂದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆಯನ್ನು ಮರೆಯಬೇಡಿ. ಕಂಚಿಯ ಹೆಸರಿಗೆ ಕೊಡುವ ಹೆಚ್ಚುವರಿ ಇಲ್ಲಿಲ್ಲ, ನೇಯ್ಗೆ ಗಟ್ಟಿ, ಅಂಚು ಅಂದ. ನಮ್ಮದೇ ನಾಡಿನ ಈ ಸೀರೆಗೆ ಸಿಗಬೇಕಾದಷ್ಟು ಗಿರಾಕಿ ಸಿಗುತ್ತಿಲ್ಲ ಎಂಬುದು ನಿಜಕ್ಕೂ ಬೇಸರದ ಸಂಗತಿ. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಲ್ಲಿ ಕೈಮಗ್ಗದ ಸೀರೆಗಳನ್ನು ಕೇಳಿ ನೋಡಿ.

ಮೈಸೂರು ಸಿಲ್ಕ್ ಎಂದರೆ ರಾಜ್ಯ ಸರ್ಕಾರದ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಸೀರೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯದು. ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಎಂದು ನಿಗಮವೇ ಹೇಳುತ್ತದೆ. ಜರಿ ಅಂಚಿನ ಸಾದಾ ಕ್ರೇಪ್ ಸೀರೆಯೇ ಈಗ ಇಪ್ಪತ್ತು ಸಾವಿರದ ಮೇಲಿದೆ, ಬೇಡಿಕೆ ಎಷ್ಟೆಂದರೆ ಬಯಸಿದ ದಿನ ಬಯಸಿದ ಬಣ್ಣ ಸಿಗುವ ಭರವಸೆ ಇಲ್ಲ. ಮದುವೆಗೆ ಎರಡು ವಾರ ಇರುವಾಗ ಇದನ್ನೇ ನಂಬಿ ಕೂರಬೇಡಿ. ಕೊಳ್ಳುವುದಾದರೆ ಬೀರುವಿಗೆ ಸೇರಬೇಕಾದ ಸೀರೆಯೆಂದು, ಮದುವೆಯ ನೆಪ ಬಿಟ್ಟು, ಬಿಡುವಾಗಿ ಕೊಳ್ಳಿ. ಬೇರೆ ಅಂಗಡಿಯವರು ‘ಇದೂ ಮೈಸೂರು ಸಿಲ್ಕೇ’ ಎಂದರೆ ಅವರು ಹೇಳುತ್ತಿರುವುದು ಕ್ರೇಪ್ ಬಟ್ಟೆಯ ಬಗೆಯನ್ನು ಮಾತ್ರ. ನಿಗಮದ ಸೀರೆಗೆ ಪ್ರತಿಯೊಂದಕ್ಕೂ ಬೇರೆ ಸಂಖ್ಯೆ ಇರುತ್ತದೆ.

ಕಂಚಿ ಸೀರೆಯ ಬೆಲೆ ಏರುವುದು ಹೆಚ್ಚಾಗಿ ಜರಿಯಿಂದ. ಬೆಳ್ಳಿಯ ಬೆಲೆ ಹೆಚ್ಚಿದಂತೆ ಅಸಲಿ ಜರಿಯ ಸೀರೆಯೂ ತುಟ್ಟಿ. ಅತಿಥಿಯಾಗಿ ಹೋಗುವವರಿಗೆ ಗೇಣಗಲ ಜರಿ ಅಂಚು ಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದೇ ಹಣದಲ್ಲಿ ಎರಡು ಬೆರಳಂಚಿನ, ಒಳ್ಳೆಯ ನೂಲಿನ, ಒತ್ತಾದ ನೇಯ್ಗೆಯ ಸೀರೆ ಸಿಗುತ್ತದೆ. ಅದು ಹಗುರ, ನೆರಿಗೆ ಚೆನ್ನಾಗಿ ಕೂರುತ್ತದೆ, ಇಪ್ಪತ್ತು ವರ್ಷ ಬಾಳುತ್ತದೆ. ಅಗಲ ಅಂಚಿನ ಸೀರೆ ಐದಡಿಗಿಂತ ಗಿಡ್ಡವಿರುವವರಿಗೆ ಅರ್ಧ ಮೈ ಅಂಚೇ ಆಗಿಬಿಡುತ್ತದೆ. ಹುಡುಗಿಗಿಂತ ಹೆಚ್ಚು ಹೊಳೆಯುವ ಅಗತ್ಯ ಅತಿಥಿಗೆ ಇಲ್ಲವೇ ಇಲ್ಲ.

ಅಂಗಡಿಯಲ್ಲಿ

ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಗಳಲ್ಲಿ ರಿಯಾಯಿತಿ ಇರುತ್ತದೆ. ಶ್ರಾವಣದ ಮದುವೆಗೆ ಆಗಲೇ ಕೊಂಡಿಟ್ಟುಕೊಳ್ಳಬಹುದು. ರಿಯಾಯಿತಿಯ ರಾಶಿಯಿಂದ ತೆಗೆದ ಸೀರೆಯನ್ನು ಮಾತ್ರ ಪೂರ್ತಿ ಬಿಡಿಸಿ ನೋಡಬೇಕು. ವರ್ಷಗಟ್ಟಲೆ ಮಡಿಕೆಯಲ್ಲೇ ಇದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಮಡಿಕೆಯನ್ನು ಬೆಳಕಿಗೆ ಹಿಡಿದು, ಎರಡೂ ಬದಿ ಬೆರಳಿಟ್ಟು ಮೆಲ್ಲಗೆ ಜಗ್ಗಿ. ನೂಲು ಸರಿದು ಕಿಂಡಿ ಕಂಡರೆ ವಾಪಸ್ ಕೊಡಿ.

ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಬೆಂಗಳೂರಿನಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಗುರುತು ಅದು. ಬಟ್ಟೆ ಶುದ್ಧ ರೇಷ್ಮೆ ಎಂದಷ್ಟೇ ಅದು ಹೇಳುತ್ತದೆ, ಜರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಿಲ್ಕ್ ಮಾರ್ಕ್ ತೋರಿಸಿ ಅಸಲಿ ಜರಿಯ ಬೆಲೆ ಹೇಳಿದರೆ ಒಪ್ಪಬೇಡಿ. ಜರಿಯನ್ನು ಬೇರೆಯೇ ಪರೀಕ್ಷಿಸಬೇಕು. ಸೆರಗಿನ ತುದಿಯಲ್ಲಿ ಬಿಟ್ಟಿರುವ ಒಂದು ಜರಿ ಎಳೆಯನ್ನು ಉಗುರಿನಿಂದ ಕೆರೆದು ಬಿಚ್ಚಿ. ಅಸಲಿ ಜರಿಯ ಒಳಗಿರುವುದು ಸಾಮಾನ್ಯವಾಗಿ ಕೆಂಪು ರೇಷ್ಮೆ ನೂಲು, ಅದರ ಮೇಲೆ ಸುತ್ತಿದ ಬೆಳ್ಳಿ ತಂತಿಗೆ ಚಿನ್ನದ ಲೇಪ. ಟೆಸ್ಟೆಡ್ ಜರಿಯಲ್ಲಿ ತಾಮ್ರದ ತಂತಿ, ಕೆರೆದಾಗ ತಾಮ್ರದ ಬಣ್ಣ ಹೊರಬರುತ್ತದೆ. ಪ್ಲಾಸ್ಟಿಕ್ ಜರಿ ತಂತಿಯೇ ಅಲ್ಲ, ಹೊಳೆಯುವ ಪಟ್ಟಿಯಂತೆ ಸುಲಿದು ಬರುತ್ತದೆ. ಟೆಸ್ಟೆಡ್ ಜರಿ ಕೆಲವು ವರ್ಷಕ್ಕೆ ಕಪ್ಪಾಗುತ್ತದೆ. ಬೆಲೆಯೂ ಅದಕ್ಕೆ ತಕ್ಕಂತಿದ್ದರೆ ತೆಗೆದುಕೊಳ್ಳಬಹುದು.

ಚೀಟಿ ಇಲ್ಲದಿದ್ದರೆ ಸುಟ್ಟು ನೋಡುವುದೇ ದಾರಿ. ಹಾಸಿನಿಂದ ಎರಡೆಳೆ, ಹೊಕ್ಕಿನಿಂದ ಎರಡೆಳೆ ಬೇರೆ ಬೇರೆಯಾಗಿ ತೆಗೆಯಿರಿ. ಯಾಕೆಂದರೆ ಹಾಸು ರೇಷ್ಮೆ, ಹೊಕ್ಕು ಪಾಲಿಯೆಸ್ಟರ್ ಇರುವ ಸೀರೆಗಳು ಬೇಕಾದಷ್ಟಿವೆ, ಹಾಸನ್ನು ಮಾತ್ರ ಸುಟ್ಟು ತೋರಿಸಿದರೆ ಗೊತ್ತೇ ಆಗುವುದಿಲ್ಲ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯೂ ರೇಯಾನೂ ಕಾಗದದಂತೆ ಉರಿಯುತ್ತವೆ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಹತ್ತು ಸಾವಿರ ಕೊಟ್ಟು ಸೀರೆ ಕೊಳ್ಳುವ ಅಗತ್ಯವಿಲ್ಲ.

ಬಣ್ಣವನ್ನು ಅಂಗಡಿಯ ದೀಪದಲ್ಲಿ ತೀರ್ಮಾನಿಸಬೇಡಿ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದಾಗಿರುವ ಡಬಲ್ ಶೇಡ್ ಸೀರೆ ಬಿಸಿಲಲ್ಲಿ ಬೇರೆಯೇ ಕಾಣುತ್ತದೆ. ಬೆಳಗಿನ ಮುಹೂರ್ತಕ್ಕಾದರೆ ಬಾಗಿಲ ಬಳಿ ತಂದು ಹಗಲಿನಲ್ಲಿ ನೋಡಿ. ಆರತಕ್ಷತೆಗಾದರೆ ಫೋನಿನ ಫ್ಲ್ಯಾಷ್ ಹಾಕಿ ಒಂದು ಫೋಟೋ ತೆಗೆಯಿರಿ. ಮೈತುಂಬ ಜರಿಬುಟ್ಟ ಇರುವ ಸೀರೆ ಫ್ಲ್ಯಾಷಿಗೆ ಬೆಳ್ಳಗಾಗಿ ಬಣ್ಣವೇ ಮಾಯವಾಗುವುದು ಅಲ್ಲೇ ತಿಳಿಯುತ್ತದೆ. ಸೀರೆಯನ್ನು ಭುಜದ ಮೇಲೆ ಹಾಕಿಕೊಂಡು ಐದು ನೆರಿಗೆ ಹಿಡಿಯಿರಿ. ಕೈಬಿಟ್ಟ ಕೂಡಲೇ ಉಬ್ಬಿ ನಿಲ್ಲುವ ಬಟ್ಟೆ ಛತ್ರದಲ್ಲೂ ಹಾಗೇ ನಿಲ್ಲುತ್ತದೆ.

ರವಿಕೆ

ಹಣ ಹೋಗಬೇಕಾದ ಜಾಗ ಇದು. ಎರಡು ಸಾವಿರದ ಸೀರೆಗೆ ಮೈಗೆ ಸರಿಯಾಗಿ ಕೂತ ರವಿಕೆ ಇದ್ದರೆ ನೋಡುವವರಿಗೆ ಸೀರೆಯ ಬೆಲೆ ತಿಳಿಯುವುದಿಲ್ಲ. ಇಪ್ಪತ್ತು ಸಾವಿರದ ಸೀರೆಗೆ ಭುಜ ಜಾರುವ ರವಿಕೆಯಾದರೆ ಇಡೀ ದಿನ ಒಂದು ಕೈ ಅದನ್ನು ಸರಿಪಡಿಸುವುದರಲ್ಲೇ ಕಳೆಯುತ್ತದೆ.

ಸೀರೆಯೊಂದಿಗೆ ಬರುವ ರವಿಕೆ ಕಣ ಸಾಮಾನ್ಯವಾಗಿ 80 ಸೆಂಟಿಮೀಟರ್. ಎದೆಸುತ್ತಳತೆ 38 ಇಂಚಿನೊಳಗಿದ್ದು ಗಿಡ್ಡ ತೋಳಾದರೆ ಸಾಕು. 40 ಇಂಚು ದಾಟಿ ಮೊಣಕೈವರೆಗೆ ತೋಳು ಬೇಕೆಂದರೆ ಸಾಲುವುದಿಲ್ಲ. ಆಗ ದರ್ಜಿ ಅಂಚನ್ನು ಅಡ್ಡ ಜೋಡಿಸುತ್ತಾರೆ ಇಲ್ಲವೇ ಕಂಕುಳಲ್ಲಿ ತುಂಡು ಸೇರಿಸುತ್ತಾರೆ. ಅಂಥವರು ಕಣವನ್ನು ಕತ್ತರಿಸುವ ಮುಂಚೆಯೇ ಅಳತೆ ರವಿಕೆ ಸಮೇತ ದರ್ಜಿಯ ಹತ್ತಿರ ಹೋಗಿ ಕೇಳಬೇಕು. ಸಾಲದಿದ್ದರೆ ಒಂದು ಮೀಟರ್ ಬೇರೆ ಬಟ್ಟೆ ಕೊಂಡು, ಸೀರೆಯ ಕಣದಿಂದ ಅಂಚು ಮಾತ್ರ ತೆಗೆದು ತೋಳಿಗೆ ಹಾಕಿಸಬಹುದು.

ಲೈನಿಂಗ್ ಬಟ್ಟೆ ಹತ್ತಿಯದಾದರೆ ಹೊಲಿಯುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿರಬೇಕು. ಇದನ್ನು ಬಿಟ್ಟರೆ ಮೊದಲ ಸಲ ನೀರು ಅಥವಾ ಬೆವರು ತಾಗಿದಾಗ ಲೈನಿಂಗ್ ಕುಗ್ಗುತ್ತದೆ, ಮೇಲಿನ ರೇಷ್ಮೆ ಕುಗ್ಗುವುದಿಲ್ಲ, ಬೆನ್ನಿನ ಮೇಲೆ ಸುಕ್ಕಿನ ಗೆರೆಗಳು ಏಳುತ್ತವೆ. ಎಷ್ಟೋ ದರ್ಜಿಗಳು ಸೀಸನ್ನಿನ ಅವಸರದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಮನೆಯಲ್ಲೇ ನೆನೆಸಿ ಒಣಗಿಸಿದ ಲೈನಿಂಗ್ ಕೊಟ್ಟುಬಿಟ್ಟರೆ ಮಾತೇ ಇಲ್ಲ. ಪಕ್ಕದ ಹೊಲಿಗೆಯಲ್ಲಿ ಒಂದೊಂದು ಕಡೆ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಲು ಹೇಳಿ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಬಹುದು, ಸೀರೆ ಇನ್ನೂ ಹತ್ತು ವರ್ಷ ನಡೆಯುತ್ತದೆ.

ಬೆನ್ನು ಆಳವಾದಷ್ಟೂ ಭುಜ ಜಾರುತ್ತದೆ. ಎಂಟು ಇಂಚಿಗಿಂತ ಆಳ ಇಡಿಸುವುದಾದರೆ ಮೇಲೆ ಡೋರಿ ಬೇಕೇ ಬೇಕು. ಮುಂದಿನ ಕತ್ತು ಆರೂವರೆ ಇಂಚು ದಾಟಿದರೆ ಬಾಗಿ ಮುಯ್ಯಿ ಕವರು ಕೊಡುವಾಗ, ಹಿರಿಯರ ಕಾಲಿಗೆ ಎರಗುವಾಗ ತೊಂದರೆ. ತೋಳು ಬಿಗಿಯಾಗಿದ್ದರೆ ಅಕ್ಷತೆ ಹಾಕಲು ಕೈ ಎತ್ತಿದಾಗ ಕಂಕುಳಲ್ಲಿ ಬಿರಿಯುತ್ತದೆ. ಟ್ರಯಲ್ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಸಾಲದು. ಎರಡೂ ಕೈ ತಲೆಯ ಮೇಲೆತ್ತಿ, ಮುಂದಕ್ಕೆ ಬಾಗಿ, ಕುರ್ಚಿಯಲ್ಲಿ ಕೂತು ಎದ್ದು ನೋಡಿ.

ರವಿಕೆಗೆ ಆರಿ ವರ್ಕ್ (ಮಣಿ, ದಾರದ ಕಸೂತಿ) ಮಾಡಿಸುವವರು ದಯವಿಟ್ಟು ಒಮ್ಮೆ ಯೋಚಿಸಿ. ಎರಡು ತೋಳಿಗೆ ಹಗುರ ಕೆಲಸವೇ ಎರಡು ಮೂರು ಸಾವಿರ ಆಗುತ್ತದೆ, ಬೆನ್ನು ತುಂಬ ಮಾಡಿಸಿದರೆ ಸೀರೆಯ ಬೆಲೆಗೇ ಬಂದು ನಿಲ್ಲುತ್ತದೆ. ಅದು ಒಂದೇ ಸೀರೆಗೆ ಹೊಂದುತ್ತದೆ, ಅಳತೆ ಬದಲಾದರೆ ಬಿಚ್ಚಲಾಗದು, ಮಣಿ ಇರುವ ತೋಳು ಸೀರೆಯ ನೂಲನ್ನು ಕೆರೆಯುತ್ತದೆ. ಮಾಡಿಸಲೇಬೇಕೆಂದರೆ ಹಳೆ ಚಿನ್ನದ ಬಣ್ಣದ ಸಾದಾ ಬಟ್ಟೆಯ ಮೇಲೆ ಮಾಡಿಸಿ, ಐದಾರು ಸೀರೆಗೆ ನಡೆಯುತ್ತದೆ.

ಹೊಲಿಗೆಗೆ ಸೀಸನ್ನಿನಲ್ಲಿ ಮೂರು ವಾರ ಬೇಕು, ಆರಿ ಇದ್ದರೆ ಐದು. ದರ್ಜಿಗೆ ಮದುವೆಯ ದಿನಾಂಕ ಹೇಳಬೇಡಿ, ಅದಕ್ಕಿಂತ ಹತ್ತು ದಿನ ಮುಂಚಿನ ದಿನಾಂಕ ಹೇಳಿ. ಬಿಗಿಯೋ ಸಡಿಲವೋ ಆದರೆ ತಿದ್ದಿಸಲು ಆ ಹತ್ತು ದಿನ ಬೇಕು.

ಫಾಲ್, ಕುಚ್ಚು

ಇದರಲ್ಲಿ ಕ್ರಮ ಮುಖ್ಯ. ರವಿಕೆ ಕಣ ಕತ್ತರಿಸಿದ ಮೇಲೆ ಆ ತುದಿಗೆ ಜಿಗ್‌ಜಾಗ್, ಆಮೇಲೆ ಫಾಲ್. ಸೆರಗಿನ ತುದಿಗೆ ಮಾತ್ರ ಯಾವ ಯಂತ್ರವನ್ನೂ ತಾಗಿಸದಂತೆ ಮೊದಲೇ ಹೇಳಿ. ಮಗ್ಗದಿಂದ ಬಂದ ಸೀರೆಯ ಸೆರಗಲ್ಲಿ ಹಾಸು ನೂಲುಗಳು ಬಿಟ್ಟಿರುತ್ತವೆ, ಅದೇ ನೂಲನ್ನು ಗಂಟು ಹಾಕಿ ಕುಚ್ಚು ಕಟ್ಟುತ್ತಾರೆ. ಅಂಗಡಿಯವರೇ ಫಾಲ್ ಹಾಕಿಸಿಕೊಡುವಾಗ ಅಭ್ಯಾಸಬಲದಿಂದ ಎರಡೂ ತುದಿ ಕತ್ತರಿಸಿ ಜಿಗ್‌ಜಾಗ್ ಮಾಡಿಬಿಟ್ಟರೆ ಆ ನೂಲು ಹೋಯಿತು. ಆಮೇಲೆ ಬೇರೆ ದಾರ ಸೇರಿಸಿಯೋ ಕ್ರೋಷಾ ಹಾಕಿಯೋ ಮಾಡಿಸಬೇಕು, ಖರ್ಚು ಎರಡರಷ್ಟು.

ಫಾಲ್ ಹತ್ತಿಯದಿರಲಿ, ಅದನ್ನೂ ನೆನೆಸಿ ಒಣಗಿಸಿಯೇ ಹಾಕಿಸಬೇಕು. ಇಲ್ಲದಿದ್ದರೆ ಅಂಚಿನುದ್ದಕ್ಕೂ ಸುಕ್ಕು. ಸೀರೆಯ ಒಳತುದಿಯಿಂದ ಶುರುವಾಗಿ ಸುಮಾರು ಎರಡೂವರೆ ಮೀಟರ್, ನೆರಿಗೆಯ ಜಾಗ ಮುಗಿಯುವವರೆಗೆ ಬರಬೇಕು. ಎರಡೂ ಅಂಚು ಒಂದೇ ಅಗಲವಿರುವ ಸೀರೆಯಲ್ಲಿ ಮೇಲಿನಂಚಿಗೆ ಫಾಲ್ ಹೊಲಿದುಬಿಡುವ ತಪ್ಪು ಆಗಾಗ ಆಗುತ್ತದೆ, ಆಗ ಸೆರಗಿನ ಹಿಂಬದಿ ಹೊರಗೆ ಬರುತ್ತದೆ. ಕೆಳಗಿನ ಅಂಚಿಗೆ ಒಂದು ಸೇಫ್ಟಿ ಪಿನ್ ಚುಚ್ಚಿ ಕೊಟ್ಟರೆ ಗೊಂದಲವಿಲ್ಲ. ಮೇಲಿನ ಹೊಲಿಗೆ ಕೈಯಲ್ಲೇ ಆಗಲಿ, ಒಂದು ಸಲಕ್ಕೆ ಒಂದೆರಡು ನೂಲು ಮಾತ್ರ ಹಿಡಿದು. ಯಂತ್ರದ ಹೊಲಿಗೆ ಮುಂಭಾಗದಲ್ಲಿ ಗೆರೆಯಾಗಿ ಕಾಣುತ್ತದೆ.

ಒಳಲಂಗ ಕ್ರೇಪಿಗೂ ರೇಷ್ಮೆಗೂ ಹತ್ತಿಯದೇ ಸರಿ. ಸ್ಯಾಟಿನ್ ಮೇಲೆ ರೇಷ್ಮೆ ನಿಲ್ಲುವುದಿಲ್ಲ, ನಡೆಯುತ್ತ ನಡೆಯುತ್ತ ನೆರಿಗೆ ಇಳಿಯುತ್ತದೆ.

ಅಮ್ಮನ ಸೀರೆ, ಗಂಡಸರು, ಮಕ್ಕಳು

ಅಮ್ಮನದೋ ಅತ್ತೆಯದೋ ಹಳೆಯ ರೇಷ್ಮೆ ಸೀರೆ ಇದ್ದರೆ ಹೊಸದಕ್ಕಿಂತ ಅದನ್ನೇ ಮೊದಲು ನೋಡಿ. ಆ ಕಾಲದ ಜರಿ ಈಗ ಅದೇ ಬೆಲೆಗೆ ಸಿಗುವುದಿಲ್ಲ. ಮಡಿಕೆಗಳನ್ನು ಬೆಳಕಿಗೆ ಹಿಡಿದು ಸೀಳಿದೆಯೇ ನೋಡಿ. ಸೀಳು ಮೈಯಲ್ಲಿದ್ದರೆ ನೆರಿಗೆಯೊಳಗೆ ಮರೆಯಾಗುತ್ತದೆ, ಸೆರಗಿನಲ್ಲಿದ್ದರೆ ರಫೂ ಮಾಡಿಸಬೇಕು. ಹೊಸ ಫಾಲ್, ಹೊಸ ರವಿಕೆ, ಒಂದು ಪಾಲಿಷ್, ಎಲ್ಲ ಸೇರಿ ಎರಡು ಸಾವಿರದಲ್ಲಿ ಮುಗಿಯುತ್ತದೆ.

ಗಂಡಸರಿಗೆ ಜರಿಯಂಚಿನ ಹತ್ತಿ ಪಂಚೆ, ಶಲ್ಯ, ಬಿಳಿ ಅಂಗಿ ಎರಡು ಸಾವಿರದ ಸುತ್ತಮುತ್ತ. ರೇಷ್ಮೆ ಪಂಚೆ ಜಾರುತ್ತದೆ, ಅಭ್ಯಾಸವಿಲ್ಲದವರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳಲಿ. ಮಗಳಿಗೆ ರೇಷ್ಮೆ ಲಂಗ ಹೊಲಿಸುವುದಾದರೆ ಕೆಳಗಡೆ ಎರಡು ಮೂರು ಇಂಚಿನ ಟಕ್ಸ್ ಹಿಡಿಸಿ, ರವಿಕೆಯ ಪಕ್ಕದಲ್ಲಿ ಬಟ್ಟೆ ಬಿಡಿಸಿ. ವರ್ಷಕ್ಕೊಂದು ಟಕ್ಸ್ ಬಿಚ್ಚಿದರೆ ಮೂರು ವರ್ಷ ನಡೆಯುತ್ತದೆ.

ಆ ದಿನ, ಆಮೇಲೆ

ಸೀರೆ ಉಡುವಾಗ ಮೆಟ್ಟಿಕೊಂಡಿರುವ ಚಪ್ಪಲಿಯ ಎತ್ತರಕ್ಕೆ ತಕ್ಕಂತೆ ಕೆಳಗಿನ ಅಂಚು ಇಳಿಸುತ್ತೇವೆ. ಮಂಟಪದ ಹತ್ತಿರ ಚಪ್ಪಲಿ ಬಿಡಲೇಬೇಕು. ಮೂರಿಂಚು ಹೀಲ್ಸ್ ಹಾಕಿ ಉಟ್ಟ ಸೀರೆ ಆಗ ನೆಲ ಗುಡಿಸುತ್ತದೆ, ಅಂಚು ಕಾಲಿಗೆ ಸಿಕ್ಕಿ ನೆರಿಗೆ ಕಳಚುತ್ತದೆ. ಮುಹೂರ್ತಕ್ಕೆ ಒಂದಿಂಚಿಗಿಂತ ಎತ್ತರ ಬೇಡ, ಹೀಲ್ಸ್ ಆರತಕ್ಷತೆಗಿರಲಿ. ಭುಜದ ಪಿನ್ನನ್ನು ಒಂದೇ ಪದರಕ್ಕೆ ಚುಚ್ಚಬೇಡಿ, ಎಲ್ಲ ಮಡಿಕೆ ಸೇರಿಸಿ, ಪಿನ್ನಿನ ತಿರುವಿಗೆ ಒಂದು ಮಣಿ ಹಾಕಿಕೊಂಡು ಚುಚ್ಚಿ. ಮಣಿ ಇಲ್ಲದಿದ್ದರೆ ನೂಲು ಆ ತಿರುವಿನೊಳಗೆ ಸಿಕ್ಕಿ, ಬಿಚ್ಚುವಾಗ ಹರಿಯುತ್ತದೆ. ಸೆಂಟನ್ನು ಸೀರೆ ಉಡುವ ಮುಂಚೆಯೇ ಮೈಗೆ ಹಾಕಿಕೊಳ್ಳಿ, ಜರಿಯ ಮೇಲೆ ಬಿದ್ದರೆ ಆ ಜಾಗ ಕಪ್ಪಾಗುತ್ತದೆ.

ಊಟದಲ್ಲಿ ಸಾರು ಚೆಲ್ಲಿದರೆ ನೀರು ಹಾಕಿ ಉಜ್ಜಬೇಡಿ, ಒಣ ಕರವಸ್ತ್ರ ಒತ್ತಿ ಹೀರಿಸಿ. ತುಪ್ಪ, ಎಣ್ಣೆ ಬಿದ್ದರೆ ಪೌಡರ್ ಉದುರಿಸಿ ಹಾಗೇ ಬಿಟ್ಟು ಮನೆಗೆ ಬಂದ ಮೇಲೆ ಕೊಡವಿ. ಅರಿಶಿನದ ಕಲೆಗೆ ಛತ್ರದ ಕೈತೊಳೆಯುವ ಸೋಪು ಹಚ್ಚಲೇಬಾರದು, ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗಿ ಕಲೆ ಇನ್ನೂ ಎದ್ದು ಕಾಣುತ್ತದೆ.

ಮನೆಗೆ ಬಂದ ಕೂಡಲೇ ಮಡಚಿಡಬೇಡಿ. ನೆರಳಲ್ಲಿ, ಫ್ಯಾನಿನ ಗಾಳಿಗೆ ಒಂದು ರಾತ್ರಿ ಹರವಿ ಬೆವರು ಆರಲಿ. ಕಲೆ ಇಲ್ಲದಿದ್ದರೆ ಪ್ರತಿ ಸಲ ಡ್ರೈವಾಶ್ ಬೇಕಿಲ್ಲ, ಮೂರು ನಾಲ್ಕು ಸಲ ಉಟ್ಟ ಮೇಲೆ ಕೊಟ್ಟರೆ ಸಾಕು. ಕಲೆ ಇದ್ದರೆ ಅದು ಯಾವುದರದ್ದೆಂದು ಚೀಟಿಯಲ್ಲಿ ಬರೆದು, ಆ ಜಾಗಕ್ಕೆ ದಾರ ಕಟ್ಟಿ ಕೊಡಿ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಹಳೆಯ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಹಾಕುವುದಾದರೆ ಬೀರುವಿನ ಮೂಲೆಯಲ್ಲಿ, ಜರಿಗೆ ತಾಗದಂತೆ. ಮೂರು ತಿಂಗಳಿಗೊಮ್ಮೆ ಬಿಡಿಸಿ ಬೇರೆ ಗೆರೆಯಲ್ಲಿ ಮಡಚಿ, ಮುಂದಿನ ಪತ್ರಿಕೆ ಬಂದಾಗ ರವಿಕೆಯೊಂದನ್ನು ಹಾಕಿ ನೋಡಿದರೆ ಸಾಕು.